ಮೀರಾಸಾಬ ಕಾಕಾನ ಒಬ್ಬಂಟಿ ಪ್ಯಾದೆ

"ಅವ್ವಾ, ಮೀರಾಸಾಬ ಕಾಕಾ ಬೇಕಂತ ಸೋತ್ರೇನ?"

ಗಂಗಾ ಹೀಗೆ ಕೇಳಿದಾಗ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಎಂಟು ವರ್ಷದ ಹುಡುಗಿ, ಮೊದಲ ಸಲ ಬುದ್ಧಿಬಳದಲ್ಲಿ, ಅಂದರೆ ಚದುರಂಗದಲ್ಲಿ, ಕಾಕಾನನ್ನು ಸೋಲಿಸಿ ಬಂದಿದ್ದಳು. ಓಣಿಗೆಲ್ಲ ಕೇಳುವ ಹಾಗೆ ಕೂಗಿಕೊಂಡು ಬರಬೇಕಿತ್ತು. ಬದಲಿಗೆ ಬಾಗಿಲ ಚೌಕಟ್ಟಿಗೆ ಒರಗಿ, ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

ಸಣ್ಣವರಿಗೆ ಖುಷಿಯಾಗಲಿ ಎಂದು ದೊಡ್ಡವರು ಒಮ್ಮೊಮ್ಮೆ ಸೋಲುತ್ತಾರೆ ಎಂದೆ.

"ಹಂಗಿದ್ರ ನಗತಿದ್ರವ್ವ. ನಗಲೇ ಇಲ್ಲ. ನನ್ನ ಒಂಟಿ ಮೂಲ್ಯಾಗ ಕುಂತಿತ್ತು, ಯಾವಾಗಿಂದನೋ ಕುಂತಿತ್ತು. ಅವರು ವಜೀರನ ತಂದು ಅದರ ದಾರ್ಯಾಗ ಇಟ್ರು. ನಾ ಹೊಡದೆ. ಆಮ್ಯಾಲೆ ಆ ಒಂಟಿ ಕೈಯಾಗ ಹಿಡ್ಕೊಂಡು, ಇದು ಎಲ್ಲಿತ್ತ ಬೇಟಾ ಅಂತ ಕೇಳಿದ್ರು."

ಓರೆಯಾಗಿ ಓಡುವ ಒಂಟೆಯನ್ನು ಕಾಕಾ ಮರೆಯುವವರಲ್ಲ. ಹೆಂಚಿನ ಮೇಲಿದ್ದ ರೊಟ್ಟಿ ಒಂದು ಬದಿ ಕರಿಯಾಯಿತು.

೧೯೮೨ನೇ ಇಸವಿ. ದೀಪಾವಳಿ ಮುಗಿದು ಖಾನಾಪುರದಲ್ಲಿ ಬೆಳಗಿನ ಮಂಜು ಶುರುವಾಗಿತ್ತು. ಮಗಳ ಮಾತು ನನ್ನನ್ನು ಅಷ್ಟು ಕಲಕಿದ್ದು ಯಾಕೆಂದರೆ, ಮೀರಾಸಾಬ ಕಾಕಾ ಬರೀ ಎದುರು ಮನೆಯವರಲ್ಲ. ದಿನಾ ಮುಂಜಾನೆ ನನ್ನನ್ನು, ಗಂಗಾಳನ್ನು, ಊರಿನ ಇನ್ನಷ್ಟು ಮಕ್ಕಳನ್ನು ಮೆಟಾಡೋರ್ ಗಾಡಿಯಲ್ಲಿ ಕೂರಿಸಿಕೊಂಡು ಬೆಳಗಾವಿಗೆ ಒಯ್ಯುವವರು ಅವರೇ. ನಾನು ಟಿಳಕವಾಡಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಗಂಗಾ ಅಲ್ಲೇ ಕಲಿಯುತ್ತಿದ್ದಳು. ನಮ್ಮ ಮನೆಯವರಿಗೆ ಲೋಂಡಾ ಸ್ಟೇಷನ್ನಿನಲ್ಲಿ ನೌಕರಿ. ರಜೆಯಿದ್ದ ದಿನ ಮಾತ್ರ ಮನೆಗೆ ಬರುತ್ತಿದ್ದರು.

ಕಾಕಾನ ಮನೆತನದವರು ಆ ಓಣಿಯಲ್ಲಿ ಯಾವಾಗಿನಿಂದ ಇದ್ದಾರೆ ಎಂಬುದು ಅವರಿಗೇ ತಿಳಿಯದು. ಅವರ ಅಪ್ಪ ಖಾನಾಪುರದ ಹಂಚುಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹಳ್ಳಿಹಳ್ಳಿ ತಿರುಗಿದವರು. ಕಾಕಾ ಹದಿಹರೆಯದಲ್ಲೇ ಲಾರಿ ಹತ್ತಿದರು. ಲೋಂಡಾದ ಕಾಡಿನೊಳಗಿಂದ ಕಟ್ಟಿಗೆಯ ದಿಮ್ಮಿ ತರುವ ಕೆಲಸ. ಆಮೇಲೆ ಒಬ್ಬರ ಜೀಪು ನಡೆಸಿದರು, ಕೊನೆಗೆ ಬಂಡೆಪ್ಪ ಸಾವಕಾರರ ಮೆಟಾಡೋರ್. ಬಂಡೆಪ್ಪನವರದು ಹಂಚಿನ ಅಂಗಡಿ. ಮಕ್ಕಳನ್ನೂ ನೌಕರಿಯವರನ್ನೂ ಬೆಳಗಾವಿಗೆ ಸಾಗಿಸಲು ಆ ಗಾಡಿ ತಂದಿದ್ದರು. ಕಾಕಾ ಅದನ್ನು ಮನೆಯ ಎಮ್ಮೆಯ ಹಾಗೆ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಒರೆಸಿ, ಮುಂದಿನ ಗಾಜಿನ ಮೇಲೆ ಅಂಗೈ ಇಟ್ಟು ಏನೋ ಗೊಣಗಿ ಹತ್ತುತ್ತಿದ್ದರು. ಅವರ ಗಾಡಿಯಲ್ಲಿ ಮಗು ಕೂತಿದೆ ಎಂದರೆ ತಾಯಂದಿರು ನಿಶ್ಚಿಂತೆಯಿಂದ ಮುಸುರೆ ತಿಕ್ಕಲು ಹೋಗಬಹುದಿತ್ತು.

ಸಂಜೆ ಗಾಡಿ ನಿಲ್ಲಿಸಿದ ಮೇಲೆ ಅವರ ಜಗುಲಿಯೇ ಓಣಿಯ ಬುದ್ಧಿಬಳದ ಶಾಲೆ. ಹಾಸು ಬಟ್ಟೆಯದು, ಅವರ ತಾಯಿ ಕೆಂಪು ಬಿಳಿ ತುಂಡು ಕೂಡಿಸಿ ಹೊಲಿದದ್ದು. ಕಾಯಿಗಳು ಊರ ಮಣ್ಣಿನವು, ಅಪ್ಪ ಕುಂಬಾರರ ಕಡೆ ಹೇಳಿ ಸುಡಿಸಿದ್ದು. ಒಂದು ಆನೆ ಬಿದ್ದು ಒಡೆದಿತ್ತು. ಅದರ ಮನೆಯಲ್ಲಿ ಹಳೆಯ ಜೀಪಿನ ಸ್ಪಾರ್ಕ್ ಪ್ಲಗ್ ನಿಂತಿರುತ್ತಿತ್ತು. ಗಂಗಾ ಅದನ್ನು ಮಷೀನ್ ಆನಿ ಎನ್ನುತ್ತಿದ್ದಳು.

ಅಪ್ಪ ಕಲಿಸಿದ್ದು ದೇಶೀ ಆಟ. ಅದರಲ್ಲಿ ಪ್ಯಾದೆ, ಅಂದರೆ ಕಾಲಾಳು, ಮೊದಲ ಹೆಜ್ಜೆಯಲ್ಲೂ ಒಂದೇ ಮನೆ ನಡೆಯಬೇಕು. ಎದುರು ತುದಿ ಮುಟ್ಟಿದ ಪ್ಯಾದೆ ತನಗೆ ಬೇಕಾದದ್ದು ಆಗುವಂತಿಲ್ಲ. ಯಾರ ಮನೆ ಮುಟ್ಟಿತೋ ಅದೇ ಆಗಬೇಕು. ಆನೆಯ ಮನೆಯಲ್ಲಿ ಆನೆ, ಕುದುರೆಯ ಮನೆಯಲ್ಲಿ ಕುದುರೆ. ಈ ರೂಢಿ ಕಾಕಾನ ಕೈಗೆ ಎಷ್ಟು ಹತ್ತಿತ್ತೆಂದರೆ, ೧೯೭೧ರಲ್ಲಿ ಬೆಳಗಾವಿಯ ಒಂದು ಗಣೇಶ ಮಂಡಳದವರು ಇಟ್ಟ ಪಂದ್ಯದಲ್ಲಿ ಗೆದ್ದ ಆಟವನ್ನೇ ಕಳೆದುಕೊಂಡರು. ಅವರ ಪ್ಯಾದೆ ಕುದುರೆಯ ಮನೆ ಮುಟ್ಟಿತು. ಹೊಸ ನಿಯಮದ ಪ್ರಕಾರ ಎಲ್ಲಕ್ಕಿಂತ ಬಲದ ವಜೀರನನ್ನು ಇಟ್ಟಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಕಾಕಾ ಹೆಮ್ಮೆಯಿಂದ ಕುದುರೆ ಎತ್ತಿ ಇಟ್ಟರು. ಎದುರಿಗೆ ಕೂತಿದ್ದ ಹುಡುಗ ಅವರ ಮುಖವನ್ನೂ ಕುದುರೆಯ ಮುಖವನ್ನೂ ಒಂದಾದ ಮೇಲೊಂದು ನೋಡಿದನಂತೆ. ಅಂದಿನಿಂದ ಊರಲ್ಲಿ ಅವರು ಕುದುರಿ ಮೀರಾಸಾಬ. ಈ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವರು ಅವರೇ.

ಹೊಸ ನಿಯಮಗಳನ್ನು ಆಮೇಲೆ ಕಲಿತರು. ಆದರೆ ಅಪ್ಪನ ಆಟದಿಂದ ಒಂದು ಮೋಹ ಉಳಿದುಬಿಟ್ಟಿತು. ವಜೀರನ ಸಾಲಿನಲ್ಲಿ ನಡೆಯುವ ಪ್ಯಾದೆಯ ಮೇಲಿನ ಮೋಹ. "ಆ ಸಾಲಿನ್ಯಾಗ ಹೋದದ್ದು ವಜೀರ ಆಗತೈತಿ ಬೇಟಾ, ಉಳದವು ಎಲ್ಲಾ ನೌಕರಿ ಮಾಡತಾವ," ಎಂದು ಗಂಗಾಗೆ ಹೇಳುತ್ತಿದ್ದರು.

ಅವರು ಆಟ ಶುರು ಮಾಡುವ ರೀತಿಯೇ ಆ ಪ್ಯಾದೆಗಾಗಿ ಇರುತ್ತಿತ್ತು. ಅಕ್ಕಪಕ್ಕದ ಪ್ಯಾದೆಗಳು ಬದಲಿಗೆ ಬದಲಿ ಹೋಗಿ, ಹಾಸಿನ ನಟ್ಟನಡುವೆ ವಜೀರನ ಸಾಲಿನಲ್ಲಿ ಒಂದೇ ಒಂದು ಉಳಿಯುವ ಹಾಗೆ ಮೊದಲ ನಡೆಗಳನ್ನು ಆರಿಸಿಕೊಳ್ಳುತ್ತಿದ್ದರು. ಅದರ ಎರಡೂ ಬಾಜು ಖಾಲಿ. ಹಿಂದಿನಿಂದ ಅದನ್ನು ಕಾಯಲು ಇನ್ನೊಂದು ಪ್ಯಾದೆ ಇಲ್ಲ. ಲಾಭವೂ ಅದರಿಂದಲೇ: ಖಾಲಿ ಸಾಲುಗಳಲ್ಲಿ ಆನೆಗಳು ಓಡಾಡುತ್ತವೆ, ಕುದುರೆಗಳು ಆ ಪ್ಯಾದೆಯ ಆಸರೆಯಲ್ಲಿ ಮುಂದಕ್ಕೆ ಹೋಗಿ ಕೂರುತ್ತವೆ, ಇಡೀ ದಂಡು ಎದುರಿನ ರಾಜನ ಮೇಲೆ ಬೀಳಬಹುದು. ಆದರೆ ಅಷ್ಟರಲ್ಲಿ ಗೆಲ್ಲಬೇಕು. ದೊಡ್ಡ ಕಾಯಿಗಳು ಒಂದೊಂದಾಗಿ ಹೋಗಿ ಹಾಸು ಖಾಲಿಯಾಯಿತೆಂದರೆ ಆ ಪ್ಯಾದೆ ತಬ್ಬಲಿ.

ನಮ್ಮ ಮನೆಯವರಿಗೂ ಅವರಿಗೂ ಇದರ ಮೇಲೆಯೇ ಜಗಳ. "ಕಾಕಾ, ಅದನ್ನ ಕಾಯಾಕ ಯಾರದಾರ? ಆಟ ಮುಗಿಯೂ ಹೊತ್ತಿಗೆ ಅದು ನಂದ," ಎಂದು ಇವರು.

"ಆಟ ಮುಗಿಯೂತನಕ ನೀವು ಇರತೀರೇನ್ರಿ?" ಎಂದು ಅವರು.

ಮೊದಲೆಲ್ಲ ಕಾಕಾ ಬೇರೆ ಬೇರೆ ರೀತಿಯೂ ಆಡುತ್ತಿದ್ದರು. ಒಂದು ದಿನ ಬದಿಯಿಂದ ಶುರು, ಒಂದು ದಿನ ರಾಜನ ಪ್ಯಾದೆಯಿಂದ. ಎರಡು ಮೂರು ವರ್ಷದಿಂದ ಮಾತ್ರ ಬಿಳಿ ಕಾಯಿ ಬರಲಿ, ಕೆಂಪು ಕಾಯಿ ಬರಲಿ, ಇದೊಂದೇ. ಕಾಕಾಗ ಈಗ ಒಂದ ಹಾಡ ಬರತೈತಿ ಎಂದು ಇವರು ಹಂಗಿಸುತ್ತಿದ್ದರು. ಕಾಯಿಗಳು ಕಡಿಮೆಯಾಗುತ್ತ ಬಂದರೆ ಕಾಕಾ ಆಟವನ್ನೇ ಬಿಟ್ಟುಕೊಟ್ಟು, ಗೆದ್ರಿ ತಗೋರ್ರಿ ಎಂದು ಚಹಾ ಕುಡಿಯಲು ಏಳುತ್ತಿದ್ದರು. ವಯಸ್ಸಾದಂತೆ ತಾಳ್ಮೆ ಕಡಿಮೆಯಾಯಿತು ಎಂದುಕೊಂಡಿದ್ದೆವು.

ಆ ಸಂಜೆ ಗಂಗಾಳಿಗೆ ಊಟಕ್ಕೆ ಹಾಕುತ್ತ ಒಂದೊಂದೇ ನೆನಪಾಗತೊಡಗಿತು. ಗಾಡಿಯ ಎಡಗಡೆಯ ಕನ್ನಡಿ ಮೊನ್ನೆ ಮೊನ್ನೆ ಹೊಸದಾಗಿತ್ತು. ಯಾವುದೋ ಗಿಡದ ಟೊಂಗೆ ತಾಗಿತು ಎಂದಿದ್ದರು. ಎದುರಿನಿಂದ ಲಾರಿ ಬಂದು ಹಾರ್ನ್ ಹೊಡೆದ ಮೇಲಷ್ಟೇ ಪಕ್ಕಕ್ಕೆ ಸರಿಯುತ್ತಿದ್ದರು. ಮಗಳನ್ನೇ ಕೇಳಿದೆ. ಅವಳು ತುತ್ತು ನುಂಗಿ, "ಕಾಕಾ ಯಾವಾಗಲೂ ರಸ್ತಾದ ನಡುವನ ಹೊಡೀತಾರವ್ವ, ನಿನಗ ಗೊತ್ತಿಲ್ಲೇನ?" ಎಂದಳು.

ರವಿವಾರ ನಾನೇ ಗಂಗಾಳನ್ನು ಕರೆದುಕೊಂಡು ಅವರ ಜಗುಲಿಗೆ ಹೋದೆ. ಅವರ ಹೆಂಡತಿ ಶಾಹಜಾನಬಿ ಚಾಚಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ನನ್ನ ಜೋಡಿ ಒಂದು ಆಟ ಆಡ್ರಿ ಕಾಕಾ ಎಂದೆ. ಚಾಚಿಗೆ ನಗು ಬಂತು. ಮನೆಯವರ ಸೇಡು ತೀರಿಸಾಕ ಬಂದ್ರೇನ ಅಕ್ಕೋರ ಎಂದು ಕೇಳಿ ಚಹಾಕ್ಕೆಂದು ಒಳಗೆ ಹೋದರು.

ನನಗೆ ಬರುವ ಆಟ ಅವರನ್ನೇ ನೋಡಿ ಕಲಿತದ್ದು. ಅವರು ಎಂದಿನಂತೆ ತಮ್ಮ ಪ್ಯಾದೆಯನ್ನು ನಡುವೆ ಒಂದೇ ನಿಲ್ಲಿಸಿದರು. ನಾನು ಅತ್ತ ಹೋಗಲೇ ಇಲ್ಲ. ಒಂದು ಒಂಟೆಯನ್ನು ಮೂಲೆಯ ಹತ್ತಿರ ಕೂರಿಸಿ, ಹಾಸಿನ ಇನ್ನೊಂದು ತುದಿಯಲ್ಲಿ ಆನೆಯ ಮುಂದಿನ ಪ್ಯಾದೆಯನ್ನು ಒಂದೊಂದೇ ಮನೆ ಮುಂದಕ್ಕೆ ಬಿಟ್ಟೆ. ನಡುವೆ ಅವರ ಕೈ ಎಂಥ ಚಂದ ನಡೆಯಿತು. ಕುದುರೆ, ಆನೆ, ವಜೀರ ಎಲ್ಲ ಆ ಒಂದು ಪ್ಯಾದೆಯ ಸುತ್ತ ಮದುವೆ ಮನೆಯವರ ಹಾಗೆ ಓಡಾಡಿದವು. ನನ್ನ ರಾಜನಿಗೆ ಉಸಿರಾಡಲು ಜಾಗವಿರಲಿಲ್ಲ. ಅಷ್ಟರಲ್ಲಿ ನನ್ನ ತುದಿಯ ಪ್ಯಾದೆ ಅವರ ಆನೆಯ ಮನೆಯ ಹೊಸ್ತಿಲಿಗೆ ಬಂದಿತ್ತು. ತಡೆಯಲು ಅವರಿಗೆ ಬೇಕಾದಷ್ಟು ಸಮಯವಿತ್ತು. ತಡೆಯಲಿಲ್ಲ. ನಾನು ವಜೀರನನ್ನು ಇಟ್ಟಾಗ ಅವರು ಬೆಚ್ಚಿದರು.

ಕಾಕಾ, ನನ್ನ ಮೂಗು ನೋಡ್ರಿ ಎಂದೆ. ಅವರು ನೋಡಿದರು. ನಾನು ಆ ಸ್ಪಾರ್ಕ್ ಪ್ಲಗ್ಗನ್ನು ಅವರ ಕಿವಿಯ ಪಕ್ಕದಿಂದ ನಿಧಾನ ಮುಂದಕ್ಕೆ ತಂದೆ. ಕಂಡಾಗ ಹೇಳ್ರಿ ಎಂದೆ. ಅದು ನನ್ನ ಕೆನ್ನೆಯ ಹತ್ತಿರ ಬರುವವರೆಗೆ ಅವರು ಏನೂ ಹೇಳಲಿಲ್ಲ. ಬದಿಗೆ ನಿಂತಿದ್ದ ಗಂಗಾಳನ್ನೂ ಹಾಗೆಯೇ ಪರೀಕ್ಷಿಸಿದೆ. ಅವಳು ಕಿವಿ ದಾಟುವಷ್ಟರಲ್ಲೇ ಕಾಣತೈತಿ ಎಂದಳು.

ಕಾಕಾ ನನ್ನ ಕೈಯಿಂದ ಪ್ಲಗ್ ತೆಗೆದುಕೊಂಡು ಅದರ ಮನೆಯಲ್ಲಿ ಇಟ್ಟರು. ಗಂಗಾಳನ್ನು ಚಾಚಿಯ ಹತ್ತಿರ ಕಳಿಸಿ, ದನಿ ತಗ್ಗಿಸಿದರು.

"ಈ ಆಟದಾಗ ಎಲ್ಲೆ ನೋಡಬೇಕನ್ನೂದು ನನಗ ಗೊತ್ತಿರತೈತಿ ಅಕ್ಕೋರ. ಎಲ್ಲಾರೂ ಆ ಪ್ಯಾದಿ ಸುತ್ತನ ಇರತಾರ. ಕಾಯಿ ಕಮ್ಮಿ ಆದ್ವಂದ್ರ ಒಂದು ಈ ಮೂಲಿಗೆ ಓಡತೈತಿ, ಒಂದು ಆ ಮೂಲಿಗೆ. ಇತ್ತ ನೋಡಿದ್ರ ಅತ್ತ ಇಲ್ಲ."

"ಮತ್ತ ರಸ್ತಾ?" ಎಂದೆ.

"ರಸ್ತಾ ಮುಂದ ಇರತೈತಲ್ರಿ."

ಒಳಗೆ ಚಾಚಿ ಗಂಗಾಳಿಗೆ ಬೆಲ್ಲ ಕೊಡುತ್ತ ಏನೋ ಹಾಡುತ್ತಿದ್ದರು. ಆ ಮನೆಯಲ್ಲಿ ಯಾರಿಗೂ ಇದು ಗೊತ್ತಿಲ್ಲ ಎಂದು ನನಗೆ ಆಗ ತಿಳಿಯಿತು.

ಬುಧವಾರ ಶಾಲೆ ಬಿಟ್ಟ ಮೇಲೆ ಅವರನ್ನು ಬೆಳಗಾವಿಯ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಬೇಡ ಬೇಡ ಎನ್ನುತ್ತಲೇ ಬಂದರು. ಡಾಕ್ಟರರು ಬಹಳ ಹೊತ್ತು ನೋಡಿ ಕಾಚಬಿಂದು ಎಂದರು. ಕಣ್ಣೊಳಗೆ ಒತ್ತಡ ಹೆಚ್ಚಾಗಿ, ಬದಿಯ ನೋಟ ಮೊದಲು ಹೋಗುತ್ತದಂತೆ. ನೋವಿಲ್ಲದ್ದರಿಂದ ಗೊತ್ತಾಗುವುದೂ ಇಲ್ಲ. ಹೋದದ್ದು ಬರುವುದಿಲ್ಲ, ಕಣ್ಣಿಗೆ ಔಷಧದ ಹನಿ ಹಾಕುತ್ತಿದ್ದರೆ ಉಳಿದದ್ದು ಉಳಿದೀತು. ಕೊನೆಗೆ, ಏನು ಕೆಲಸ ಮಾಡ್ತೀರಿ ಎಂದು ಕೇಳಿದರು. ಕಾಕಾ ನನ್ನ ಕಡೆ ನೋಡಿದರು. ಡ್ರೈವರ್ ಎಂದರು. ಡಾಕ್ಟರರು ಪೆನ್ನು ಕೆಳಗಿಟ್ಟು, ಇವತ್ತಿನಿಂದ ಬೇಡ ಎಂದರು.

ಆದರೆ ಆ ಸಂಜೆ ಮಕ್ಕಳು ಎಂದಿನ ಜಾಗದಲ್ಲಿ ಗಾಡಿಯ ಮುಂದೆ ಕಾಯುತ್ತ ನಿಂತಿದ್ದರು. ಕತ್ತಲಾಗುವ ಮುಂಚೆ ಅವರನ್ನು ಮನೆ ಮುಟ್ಟಿಸಬೇಕು, ಬೇರೆ ಡ್ರೈವರ್ ಇಲ್ಲ. ನಾನು ಮುಂದೆ ಎಡಗಡೆ ಕೂತೆ. ಗಾಡಿ ಉದ್ಯಮಬಾಗ ದಾಟಿತು. ಎಡಕ್ಕ ಸೈಕಲ್ ಎಂದೆ. ಅವರು ಸರಿಸಿದರು. ಮಚ್ಛೆಯಲ್ಲಿ ಎಡಕ್ಕ ಎಮ್ಮಿ ಎಂದೆ. ಬಲಕ್ಕೆ ಇಬ್ಬರು ಹೆಣ್ಣುಮಕ್ಕಳು ಹುಲ್ಲಿನ ಹೊರೆ ಹೊತ್ತು ರಸ್ತೆ ದಾಟಲು ನಿಂತಿದ್ದರು, ಅದನ್ನೂ ಹೇಳಿದೆ. ಹಿಂದೆ ಮಕ್ಕಳು ಅಂತ್ಯಾಕ್ಷರಿ ಹಾಡುತ್ತಿದ್ದರು. ನಾನು ಮುಂದಿನ ಸರಳು ಹಿಡಿದು ರಸ್ತೆಯ ಎರಡೂ ಬದಿ ನೋಡುತ್ತಿದ್ದೆ.

"ನೀವು ಹಿಂಗ ಹೇಳ್ಕೊತ ಕುಂತ್ರ ನಾ ಮುದುಕ ಆಗೂತನಕ ಗಾಡಿ ಹೊಡೀತೀನಿ ಬಿಡ್ರಿ," ಎಂದರು ಕಾಕಾ, ಪ್ರಭುನಗರದ ಹತ್ತಿರ.

ನನಗೆ ನಗು ಬರಲಿಲ್ಲ. ಅದನ್ನು ಅವರು ನೋಡಲೂ ಇಲ್ಲ. ನಾನು ಅವರ ಎಡಕ್ಕೆ ಕೂತಿದ್ದೆ.

ಇಳಿಯುವಾಗ ಹೇಳಿದೆ: ಬಂಡೆಪ್ಪನವರಿಗೆ ನೀವೇ ಹೇಳಬೇಕು, ನಾಳೆಯೇ ಹೇಳಬೇಕು. ಕಾಕಾ ಹೂಂ ಎಂದರು. ಚಾಚಿ ಬಾಗಿಲಲ್ಲೇ ನಿಂತು ಡಾಕ್ಟರ್ ಏನಂದ್ರು ಎಂದು ಕೇಳಿದ್ದಕ್ಕೆ, ಓದೂ ಚಾಳೀಸಿನ ನಂಬರ್ ಬದಲಾಗೈತಂತ ಎಂದು ಹೇಳಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಅವರು ಸುಳ್ಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬುದ್ಧಿಬಳದಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂದು ಸಣ್ಣ ಮಕ್ಕಳನ್ನೂ ಅಳಿಸಿದ ಮನುಷ್ಯ.

ಅಂದಿನಿಂದ ನಾನು ಗಂಗಾಳನ್ನು ಕರೆದುಕೊಂಡು ಸ್ಟ್ಯಾಂಡಿನಿಂದ ಬಸ್ಸು ಹಿಡಿದೆ. ಬೇಗ ಏಳಬೇಕು, ಡಬ್ಬಿ ರಾತ್ರಿಯೇ ಕಟ್ಟಿಡಬೇಕು, ಮಗು ನಿಂತೇ ಬರಬೇಕು. ಅದೆಲ್ಲ ಆಗುವ ಕೆಲಸ. ಆಗದ್ದು ಬೇರೆಯಿತ್ತು. ಗುರುವಾರ ಬೆಳಿಗ್ಗೆ ನಾವು ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಮೆಟಾಡೋರ್ ನಮ್ಮ ಮುಂದೆಯೇ ಹೋಯಿತು. ಕಿಟಕಿಯಲ್ಲಿ ಹಿಂದಿನ ಓಣಿಯ ಗೌರವ್ವನ ಮೊಮ್ಮಗಳು ಗಂಗಾಳಿಗೆ ಕೈ ಬೀಸಿದಳು. ನನ್ನ ಮಗುವನ್ನು ಇಳಿಸಿಕೊಂಡಿದ್ದೆ. ಆ ಮಗುವಿನ ಅಜ್ಜಿಗೆ ಏನನ್ನೂ ಹೇಳಿರಲಿಲ್ಲ.

ಹೇಳಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಸಂಜೆಯೊಳಗೆ ಓಣಿಯೆಲ್ಲ ತುಂಬುತ್ತದೆ. ಕುದುರಿ ಮೀರಾಸಾಬ ಹೋಗಿ ಕುರುಡ ಮೀರಾಸಾಬ ಆಗುತ್ತಾರೆ. ಆ ಹೆಸರನ್ನು ಅವರು ತಾವೇ ಹೇಳಿ ನಗಲಾರರು. ತಾವಾಗಿಯೇ ಬಂಡೆಪ್ಪನವರ ಮುಂದೆ ನಿಂತು ಹೇಳಿದರೆ ಅದರ ಮಾತೇ ಬೇರೆ. ಅಂಗಡಿಯಲ್ಲಿ ಹಂಚು ಎಣಿಸಿ ಕೊಡುವ ಕೆಲಸವಾದರೂ ಸಿಕ್ಕೀತು, ಮಾನವೂ ಉಳಿದೀತು. ಒಂದು ಕಡೆ ಅವರ ಮಾನ, ಒಂದು ಕಡೆ ಗಾಡಿ ತುಂಬ ಮಕ್ಕಳು. ತೂಗುವ ಮಾತೇ ಅಲ್ಲ ಇದು, ಆದರೂ ಇಡೀ ದಿನ ತೂಗಿದೆ. ಪಾಠ ಮಾಡುವಾಗ ಒಂದೇ ಲೆಕ್ಕವನ್ನು ಎರಡು ಸಲ ಬರೆಸಿದೆ.

ಗುರುವಾರ ಸಂಜೆ ಅವರ ಜಗುಲಿಗೆ ಹೋಗಿ, ಹೇಳಿದ್ರೇನು ಎಂದು ಕೇಳಿದೆ.

"ಹ್ವಾದೆ. ಸಾವಕಾರ್ರ, ಕಣ್ಣು, ಅಂತ ಶುರು ಮಾಡಿದೆ. ಕಣ್ಣಿಗೆ ಏನಾತೋ ಮೀರಾಸಾಬ ಅಂದ್ರು. ಕಣ್ಣಿಗಲ್ರಿ, ಗಾಡಿ ಕಣ್ಣಿಗೆ, ಹೆಡ್‌ಲೈಟ್ ಮಬ್ಬ ಆಗ್ಯಾವ, ಮಂಜಿನ್ಯಾಗ ಕಾಣವೊಲ್ದು ಅಂದೆ. ಹೊಸಾ ಬಲ್ಬ ತರಿಸಿ ಹಾಕಿಸಿದ್ರು."

ಹೇಳುವಾಗ ತುಟಿಯ ಅಂಚಿನಲ್ಲಿ ನಗುವಿನಂಥದ್ದು ಬಂದು ಹೋಯಿತು. ನನಗೆ ಸಿಟ್ಟು ಬಂತು. ಶನಿವಾರದೊಳಗೆ ನೀವು ಹೇಳದಿದ್ದರೆ ನಾನೇ ಹೋಗುತ್ತೇನೆ ಎಂದೆ. ಉಳಿದವರ ಮಕ್ಕಳೂ ಮಕ್ಕಳೇ ಎಂದೆ.

ಅವರ ಮುಖ ಬಿಗಿಯಿತು. ಲೋಂಡಾದ ಕಾಡಿನ ಘಾಟಿನಲ್ಲಿ ದಿಮ್ಮಿ ಹೇರಿಕೊಂಡು ಮಳೆಯಲ್ಲಿ ಇಳಿದಿದ್ದೇನೆ, ಇವತ್ತಿನವರೆಗೆ ನನ್ನ ಗಾಲಿಗೆ ಒಂದು ಕೋಳಿ ಸಿಕ್ಕಿಲ್ಲ ಎಂದರು. "ತುದಿ ಪ್ಯಾದಿ ಒಂದು ನೂಕಿ ಗೆದ್ದೀರಿ. ಅಷ್ಟಕ್ಕ ನನಗ ಗಾಡಿ ಹೊಡಿಯೂದು ಕಲಸಾಕ ಬಂದ್ರೇನ?"

ನಾನು ಎದ್ದು ಬಂದೆ. ಸ್ವಲ್ಪ ಹೊತ್ತಿನ ಮೇಲೆ ಗಂಗಾ ಆಟಕ್ಕೆಂದು ಹೋದವಳು ಹಾಗೆಯೇ ತಿರುಗಿ ಬಂದಳು. ಇವತ್ತ ಆಟ ಇಲ್ಲ ಅಂದ್ರು ಎಂದಳು. ಹಾಸು ಹಾಸಿಯೇ ಇತ್ತಂತೆ, ಕಾಯಿಗಳೂ ಮನೆಮನೆಯಲ್ಲಿ ನಿಂತಿದ್ದವಂತೆ. ರಾತ್ರಿ ನಾನು ದಿನಚರಿಯಲ್ಲಿ ಬರೆಯಲು ಕೂತೆ. ತಾರೀಖು ಬರೆದು ಮುಚ್ಚಿಟ್ಟೆ.

ಶುಕ್ರವಾರ ಮಂಜು ಎಷ್ಟು ದಟ್ಟವಿತ್ತೆಂದರೆ ನಮ್ಮ ಬಸ್ಸು ದೀಪ ಹಾಕಿಕೊಂಡೇ ಹೋಯಿತು. ನಾವು ಮುಂಚಿನ ಬಸ್ಸಿನಲ್ಲಿ ಹೋಗಿದ್ದೆವು, ಮೆಟಾಡೋರ್ ಹಿಂದಿತ್ತು. ಶಾಲೆಯ ಗಂಟೆ ಹೊಡೆದಾಗ ಖಾನಾಪುರದ ಮಕ್ಕಳು ಯಾರೂ ಬಂದಿರಲಿಲ್ಲ. ಹಾಜರಿ ಕೂಗಿದೆ. ಆ ಹೆಸರುಗಳು ಬಂದಾಗ ಉತ್ತರವಿಲ್ಲ. ಒಂದೊಂದು ಹೆಸರನ್ನೂ ಎರಡೆರಡು ಸಲ ಕೂಗಿದೆ. ಗೌರವ್ವನ ಮೊಮ್ಮಗಳು ಕೂರುವ ಜಾಗವನ್ನು ನೋಡುವ ಧೈರ್ಯವಾಗದೆ ಗೋಡೆ ನೋಡಿ ಕೂಗಿದೆ.

ಎರಡನೇ ತಾಸಿಗೆ ಎಲ್ಲರೂ ಒಟ್ಟಿಗೆ ಬಂದರು, ಗಲಗಲ ಎನ್ನುತ್ತ. ಅವರಿಗೆ ಅದೊಂದು ಹಬ್ಬವಾಗಿತ್ತು. ಪೀರನವಾಡಿಯ ಹತ್ತಿರ ಎಡಗಡೆಯ ಕಚ್ಚಾ ರಸ್ತೆಯಿಂದ ಹಾಲಿನವನು ಸೈಕಲ್ಲಿನ ಮೇಲೆ ಬಂದನಂತೆ. ಗಾಡಿ ಅವನ ಕ್ಯಾನಿಗೆ ತಾಗಿತಂತೆ. ಅವನು ಗಟಾರಕ್ಕೆ, ಹಾಲು ರಸ್ತೆಗೆ. ಮೊಣಕೈ ತರಚಿಕೊಂಡು ಎದ್ದು ನಿಂತು ಬಯ್ದನಂತೆ; ಆ ಬೈಗಳನ್ನು ಹುಡುಗಿಯರು ಹೇಳಲು ಹೋಗಿ ಬಾಯಿಗೆ ಕೈ ಇಟ್ಟುಕೊಂಡರು. ಕಾಕಾ ಇಳಿದು ಅವನ ಸೈಕಲ್ ಎತ್ತಿ, ಹ್ಯಾಂಡಲ್ ನೆಟ್ಟಗೆ ಮಾಡಿ ಕೊಟ್ಟರಂತೆ. ಆಮೇಲೆ ಗಾಡಿ ಹತ್ತಲಿಲ್ಲವಂತೆ. ಮಕ್ಕಳನ್ನೆಲ್ಲ ಕೆಳಗಿಳಿಸಿ, ಕೈ ಕೈ ಹಿಡಿಸಿ ಸಾಲಾಗಿ ನಿಲ್ಲಿಸಿ, ಬಸ್ಸು ಬಂದ ಮೇಲೆ ಒಬ್ಬೊಬ್ಬರನ್ನೇ ಎತ್ತಿ ಹತ್ತಿಸಿ, ತಾವೂ ಅದೇ ಬಸ್ಸಿನಲ್ಲಿ ಶಾಲೆಯ ಬಾಗಿಲವರೆಗೆ ಬಂದು ಹೋದರಂತೆ.

"ಗಾಡಿ ಕೆಟ್ಟಿತ್ತೇನ?" ಎಂದು ಕೇಳಿದ ಗಂಗಾಗೆ ಗೌರವ್ವನ ಮೊಮ್ಮಗಳು, "ಇಲ್ಲಲೇ, ಚಾಲೂನ ಇತ್ತು," ಎಂದಳು.

ಶಾಲೆ ಬಿಟ್ಟ ಮೇಲೆ ಆ ಮಕ್ಕಳನ್ನೆಲ್ಲ ನಾನೇ ಬಸ್ಸಿನಲ್ಲಿ ಕರೆತಂದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೀರಾಸಾಬ ಕಾಕಾ ನಮ್ಮ ಬಾಗಿಲಿಗೆ ಬಂದರು. ಒಳಗ ಬರ್ರಿ, ಕುಂದರ್ರಿ ಎಂದೆ. ಬರಲಿಲ್ಲ. ಹೊಸ್ತಿಲಾಚೆ ನಿಂತು ಚೌಕಟ್ಟನ್ನು ಹಿಡಿದುಕೊಂಡರು. ಅಂಗಿಯ ತೋಳಿನ ಮೇಲೆ ಒಣಗಿದ ಹಾಲಿನ ಕಲೆಯಿತ್ತು. ಗಂಗಾ ಓಡಿ ಬಂದು ಆಟ ಆಡೋಣ ಕಾಕಾ ಎಂದಳು. ಅವಳ ತಲೆ ಸವರಿ, ನಾಳಿ ಬೇಟಾ ಎಂದರು. ನಾನು ಅವಳನ್ನು ಒಳಗೆ ಕಳಿಸಿದೆ.

ಆ ಹಾಲಿನ ಹುಡುಗ ಹೇಗಿದ್ದಾನೆ ಎಂದು ಕೇಳಿದೆ. ಪೀರನವಾಡಿಗೆ ಮತ್ತೆ ಹೋಗಿ ಅವನ ಮನೆಯಲ್ಲೇ ಕೂತು ನೋಡಿ ಬಂದಿದ್ದರು. ಅವನ ತಾಯಿ ಚಹಾ ಕೊಟ್ಟಳಂತೆ. ಚಹಾ ಕುಡಿಯಲು ಆಗಲಿಲ್ಲ ಎಂದರು. ಎದುರಿನ ಜಗುಲಿಯಲ್ಲಿ ಚಾಚಿ ಕಂದೀಲಿನ ಗಾಜು ಒರೆಸುತ್ತಿದ್ದರು.

"ಅಂವಾ ನನಗ ಕಾಣಲೇ ಇಲ್ಲ ಅಕ್ಕೋರ," ಎಂದರು ಕೊನೆಗೆ. "ಮಂಜಿನ್ಯಾಗ ಅಲ್ಲ. ಮಂಜು ಅಷ್ಟೊತ್ತಿಗೆ ತಿಳಿಯಾಗಿತ್ತು. ಸಪ್ಪಳ ಕೇಳಿತು, ಆಮ್ಯಾಲೆ ಬೆಳ್ಳಗ ಹಾಲು ಕಂಡಿತು. ಮನಷ್ಯಾ ಕಾಣಲಿಲ್ಲ. ಗಂಗಾನ ಒಂಟಿ ಹಂಗ."

ಸಾವಕಾರರಿಗೆ ಹೇಳಿದಿರಾ ಎಂದು ಕೇಳಿದೆ.

ಅವರು ಜೇಬಿನಿಂದ ಗಾಡಿಯ ಚಾವಿ ತೆಗೆದರು. ಅದನ್ನು ಅಂಗೈಯಲ್ಲಿ ತೂಗುವ ಹಾಗೆ ಹಿಡಿದು, ಮಧ್ಯಾಹ್ನವೇ ಅಂಗಡಿಗೆ ಹೋಗಿದ್ದೆ ಎಂದರು. ಗಾಡಿ ಯಾಕ ಬಿಟ್ಟು ಬಂದಿ ಎಂದು ಬಂಡೆಪ್ಪನವರು ಕೇಳಿದಾಗ, ಕ್ಲಚ್ ಪ್ಲೇಟ್ ಹೋಗಿದೆ ಎಂಬ ಮಾತು ತಾನಾಗಿಯೇ ಬಾಯಿಂದ ಬಂದುಬಿಟ್ಟಿತಂತೆ. ನಾಳೆ ಮುಂಜಾನೆ ಗಾಡಿ ರಿಪೇರಿಯ ಮೇಸ್ತ್ರಿ ಹೋಗಿ ನೋಡುತ್ತಾನೆ. ಕ್ಲಚ್ಚಿಗೆ ಏನೂ ಆಗಿಲ್ಲ. ಮೇಸ್ತ್ರಿ ಗಾಡಿಯನ್ನು ಚಾಲೂ ಮಾಡಿ ತಂದು ಬಾಗಿಲಿಗೇ ನಿಲ್ಲಿಸುತ್ತಾನೆ. ಮಕ್ಕಳು ದಪ್ತರ ಹಾಕಿಕೊಂಡು ನಿಂತಿರುತ್ತಾರೆ.

"ನಿಂತಿದ್ರಂದ್ರ ನಾ ಮತ್ತ ಹತ್ತತೀನ್ರಿ. ನನಗ ನನ್ನ ಗುಣ ಗೊತ್ತೈತಿ. ಕೈ ತಾನ ಸ್ಟೇರಿಂಗ್ ಮ್ಯಾಲೆ ಹೋಗತೈತಿ. ಅದಕ್ಕ ಇವತ್ತ ಚಾವಿ ಕೊಟ್ಟು ಬರಬೇಕು."

ಹಾಗಾದರೆ ಈಗಲೇ ಹೋಗಿ ಎಂದೆ. ಅಂಗಡಿ ಇನ್ನೂ ಮುಚ್ಚಿರಲಿಲ್ಲ. ಓಣಿಯ ತುದಿಯಲ್ಲಿ ಅದರ ದೀಪ ಕಾಣುತ್ತಿತ್ತು.

ಅವರು ಆ ದೀಪದ ಕಡೆ ಮುಖ ತಿರುಗಿಸಿದರು. ತಿರುಗಿಸಿ ನೋಡಬೇಕಾಗುತ್ತದೆ ಅವರಿಗೆ, ಇಡೀ ಕತ್ತನ್ನೇ.

"ನಿಮ್ಮನ್ನ ಒಂದ ಕೇಳತೀನಿ, ಇಲ್ಲ ಅನಬ್ಯಾಡ್ರಿ ಅಕ್ಕೋರ. ನನ್ನ ಜೋಡಿ ಅಂಗಡಿತನಕ ಬರ್ರಿ. ಹೇಳೂದು ನಾನ ಹೇಳತೀನಿ, ನೀವು ಬಾಜುಕ ನಿಂದರ್ರಿ ಸಾಕು. ಕಣ್ಣಂತ ಶುರು ಮಾಡಿ ನಾ ಮತ್ತ ಹೆಡ್‌ಲೈಟಿಗೆ ಹೋದ್ರ, ಕ್ಲಚ್ಚಿಗೆ ಹೋದ್ರ, ಆವಾಗ ಅಷ್ಟ ಬಾಯಿ ಬಿಡ್ರಿ. ಮೊನ್ನಿ ಎಡಕ್ಕ ಸೈಕಲ್ ಅಂತ ಹೇಳಿದ್ರಲ್ಲ, ಹಂಗ."